ಹಳೇ ನೀರು, ಹೊಸ ನೀರು



ಬಾಗಲಕೋಟೆಯವರಿಗೆ ‘ನೀರು ಉಳಿಸಿ’ ಎಂದು ಹೇಳುವ ಮೊದಲು ಯಾರೇ ಆದರೂ ಸ್ವಲ್ಪ ಹಿಂದೆ ಮುಂದೆ ನೋಡಬೇಕು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಮುಂದೆ ಆ ಅಣೆಕಟ್ಟಿನಲ್ಲಿ 519.60 ಮೀಟರ್ ಮಟ್ಟದವರೆಗೆ ನೀರು ನಿಂತಾಗ ಘಟಪ್ರಭೆಯ ದಂಡೆಯ ಹಳೇ ಊರಿನ ಓಣಿಗಳು, ಅಂಗಡಿ ಸಾಲುಗಳು, ತಲೆಮಾರುಗಳಿಂದ ಬಾಳಿದ ಮನೆಗಳು ಹಿನ್ನೀರಿನ ಪಾಲಾದವು. ಓಣಿಯ ಹೆಸರಿನಲ್ಲಿ ಗುರುತು ಹೇಳುತ್ತಿದ್ದವರು ನವನಗರಕ್ಕೆ ಬಂದು ಸೆಕ್ಟರ್ ನಂಬರಿನಲ್ಲಿ ವಿಳಾಸ ಹೇಳುವುದನ್ನು ಕಲಿತರು. ಹೀಗಿರುವಾಗ ನಳದ ಕೆಳಗೆ ಒಂದು ಕೊಡ ತುಂಬಿ ಹರಿದರೆ ಅದಕ್ಕೆ ಉಪದೇಶ ಮಾಡಲು ಬರುವವರನ್ನು ಇಲ್ಲಿಯ ಜನ, ಊರನ್ನೇ ನೀರಿಗೆ ಕೊಟ್ಟವರು ನಾವು, ಕಣ್ಣೆದುರಿಗೆ 123 ಟಿಎಂಸಿ ಅಡಿ ನೀರು ನಿಲ್ಲುವಾಗ ನಮ್ಮ ಕೊಡದ ಲೆಕ್ಕ ಯಾಕೆ ಎಂದು ಕೇಳಿದರೆ ತಪ್ಪೇನಿಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕದೆ ಮನೆಯ ನೀರಿನ ಮಿತವ್ಯಯದ ಬಗ್ಗೆ ಈ ಸೀಮೆಯಲ್ಲಿ ಮಾತಾಡುವುದು ಬರೀ ಬಾಯಿಮಾತಾಗುತ್ತದೆ.

ಮೊದಲಿಗೆ, ಜಲಾಶಯದಲ್ಲಿರುವ ನೀರು ಬೇರೆ, ಬಚ್ಚಲಿನಲ್ಲಿರುವ ನೀರು ಬೇರೆ. ಹಿನ್ನೀರನ್ನು ಪಂಪಿನಿಂದ ಎತ್ತಬೇಕು, ಕೆಸರು ತಂಗಿಸಬೇಕು, ಸೋಸಬೇಕು, ಕ್ಲೋರಿನ್ ಹಾಕಬೇಕು, ಮತ್ತೆ ಮೇಲ್ತೊಟ್ಟಿಗೆ ಏರಿಸಬೇಕು. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು ಬರೀ ಭೌತಶಾಸ್ತ್ರದ ಲೆಕ್ಕದಲ್ಲೇ ಕಾಲು ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಬೇಕು. ಪಂಪಿನಲ್ಲಿ, ಮೋಟಾರಿನಲ್ಲಿ ಆಗುವ ನಷ್ಟ ಸೇರಿದರೆ ಅದು ಅರ್ಧ ಯೂನಿಟ್‌ನ ಹತ್ತಿರ ಬರುತ್ತದೆ. ಇನ್ನು ಈ ನಾಡಿನ ಮಳೆಯಂತೂ ಎಂದೂ ನಂಬಿಕೆಯದ್ದಲ್ಲ. ವರ್ಷಕ್ಕೆ 550ರಿಂದ 600 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಬಂದರೆ ಬಂತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೇ ನುಗ್ಗಿತು. ನಾಲ್ಕು ವರ್ಷ ಕಳೆದು 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ನೆರೆಯ ನೆನಪು ಆರುವ ಮೊದಲೇ ಬರ ಬಂದು ಕೂತಿತ್ತು. ನದಿ ಹತ್ತಿರ ಹರಿದ ಮಾತ್ರಕ್ಕೆ ನಳದಲ್ಲಿ ನೀರು ಬರುವುದಿಲ್ಲ ಎಂಬುದು ಇಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ.

ಹಾಗಾದರೆ ನೀರು ಕೊರತೆಯಿರುವ ಊರಲ್ಲೂ ಮನೆಯಲ್ಲಿ ನೀರು ಯಾಕೆ ಪೋಲಾಗುತ್ತದೆ? ಜನಕ್ಕೆ ತಿಳಿವಳಿಕೆ ಇಲ್ಲ, ಜಾಗೃತಿ ಇಲ್ಲ ಎಂಬ ಉತ್ತರ ಭಾಷಣಕಾರರಿಗೆ ತುಂಬ ಪ್ರಿಯ. ನನಗೆ ಅದರಲ್ಲಿ ನಂಬಿಕೆಯಿಲ್ಲ. ನೀರಿನ ದಿನ ಒಂದು ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಬೇರೆಯೇ ಉತ್ತರ ಸಿಗುತ್ತದೆ. ನಮ್ಮ ಸಣ್ಣ ಊರುಗಳಲ್ಲಿ ಬಹಳ ಕಡೆ ನಳಕ್ಕೆ ದಿನವೂ ನೀರು ಬರುವುದಿಲ್ಲ. ದಿನ ಬಿಟ್ಟು ದಿನ, ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ. ಯಾವ ಹೊತ್ತಿಗೆ ಎಂಬುದು ನೀರು ಬಿಡುವವನಿಗೆ ಗೊತ್ತು, ಕರೆಂಟಿಗೆ ಗೊತ್ತು. ಆದ್ದರಿಂದ ಮನೆಯ ಮುಂದೆ ಇನ್ನೂರು ಲೀಟರಿನ ಪ್ಲಾಸ್ಟಿಕ್ ಬ್ಯಾರಲ್‌ಗಳು ಸಾಲಾಗಿ ನಿಂತಿರುತ್ತವೆ, ಒಳಗೆ ಕೊಡ, ಬಿಂದಿಗೆ, ಹಂಡೆ, ಕಡೆಗೆ ಅಡುಗೆಯ ಪಾತೇಲಿಗಳೂ ತುಂಬಿರುತ್ತವೆ. ನಳಕ್ಕೆ ಟ್ಯಾಪು ಇರುವುದಿಲ್ಲ, ಇದ್ದರೂ ಸದಾ ತೆರೆದೇ ಇರುತ್ತದೆ; ನೀರು ಬಂದಾಗ ಸಪ್ಪಳ ಕೇಳಿ ಓಡಿಬರಬೇಕಲ್ಲ. ನೀರು ಬಂತು ಎಂದ ಕೂಡಲೇ ಆಗುವ ಮೊದಲ ಕೆಲಸವೆಂದರೆ ಬ್ಯಾರಲ್‌ನ ತಳದಲ್ಲಿ ಉಳಿದಿದ್ದ ನೀರನ್ನು ಗಟಾರಕ್ಕೆ ಚೆಲ್ಲುವುದು. ಅದು ಹಳೇ ನೀರು. ಬರುತ್ತಿರುವುದು ಹೊಸ ನೀರು. ನಿನ್ನೆ ರಾತ್ರಿಯವರೆಗೆ ತಂಬಿಗೆಯ ಲೆಕ್ಕದಲ್ಲಿ ಜೋಪಾನ ಮಾಡಿದ ಅದೇ ನೀರು ಬೆಳಗಿನ ಐದು ನಿಮಿಷದಲ್ಲಿ ಬೇಡವಾಗಿಬಿಡುತ್ತದೆ.

ಇದನ್ನು ಅಜ್ಞಾನ ಎಂದು ಕರೆಯಬೇಡಿ, ಇದರ ಹಿಂದೆ ಪಕ್ಕಾ ಲೆಕ್ಕಾಚಾರವಿದೆ. ಮುಂದಿನ ಸರದಿ ಯಾವಾಗ ಎಂದು ತಿಳಿಯದವರು ನಾಲ್ಕು ದಿನಕ್ಕೆ ಸಾಲುವಷ್ಟನ್ನಲ್ಲ, ಆರು ದಿನಕ್ಕೆ ಸಾಲುವಷ್ಟನ್ನು ತುಂಬುತ್ತಾರೆ. ನಾಲ್ಕನೇ ದಿನಕ್ಕೆ ನೀರು ಬಂದರೆ ಎರಡು ದಿನದ್ದು ಉಳಿಯಿತು. ಪಾತ್ರೆ ಖಾಲಿ ಮಾಡದೆ ಹೊಸದನ್ನು ಹಿಡಿಯುವಂತಿಲ್ಲ. ಮೂರು ಬ್ಯಾರಲ್ ಇರುವ ಮನೆ ಒಂದೊಂದರ ತಳದಿಂದ ಐವತ್ತು ಲೀಟರ್ ಚೆಲ್ಲಿತೆಂದು ಹಿಡಿಯೋಣ, ನೂರೈವತ್ತು ಲೀಟರ್ ಆಯಿತು. ನಾಲ್ಕು ದಿನಕ್ಕೊಮ್ಮೆಯಂತೆ ವರ್ಷಕ್ಕೆ ತೊಂಬತ್ತು ಸರದಿ ಎಂದರೆ ಹದಿಮೂರೂವರೆ ಸಾವಿರ ಲೀಟರ್. ಇದು ಅಂದಾಜಿನ ಲೆಕ್ಕ, ನಿಮ್ಮ ಮನೆಯದ್ದನ್ನು ನೀವೇ ಹಾಕಿಕೊಳ್ಳಬಹುದು. ಲಕ್ಷಣ ಮಾತ್ರ ಗಮನಿಸಬೇಕಾದದ್ದು: ಸದಾ ನೀರಿರುವ ಮನೆಯಲ್ಲಿ ಈ ಬಗೆಯ ಪೋಲು ಹುಟ್ಟುವುದೇ ಇಲ್ಲ. ನಮ್ಮ ಮನೆಗಳ ಪೋಲಿನ ದೊಡ್ಡ ಪಾಲು ಹುಟ್ಟುವುದು ನೀರು ಹೆಚ್ಚಾಗಿ ಅಲ್ಲ, ನೀರು ಯಾವಾಗ ಬರುತ್ತದೋ ಎಂಬ ಅಂಜಿಕೆಯಿಂದ.

ಇಳಕಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿ ಎಂದು ಬೇಡಿದವರು. ಎಷ್ಟೋ ಮಂದಿ ಕುಡಿತವನ್ನು ಆ ಜೋಳಿಗೆಗೆ ಹಾಕಿ ಮನೆಗೆ ಮರಳಿದರು. ನೀರಿನ ಪೋಲನ್ನೂ ಹಾಗೆಯೇ ಒಂದು ಚಟವೆಂದು ಬಗೆದು ಪ್ರತಿಜ್ಞೆ ಮಾಡಿಸುವವರಿದ್ದಾರೆ. ಶಾಲೆಗಳಲ್ಲಿ ಪ್ರತಿವರ್ಷ ಮಾರ್ಚ್ 22ರಂದು, ವಿಶ್ವ ಜಲ ದಿನದ ನೆಪದಲ್ಲಿ, ಮಕ್ಕಳು ಕೈ ಮುಂದೆ ಚಾಚಿ ಹೇಳುವುದೂ ಇದೇ. ಆದರೆ ಚಟ ಬಿಡಲು ಮನಸ್ಸು ಗಟ್ಟಿ ಮಾಡಿದರೆ ಸಾಕು. ಅಂಜಿಕೆ ಹಾಗಲ್ಲ, ಅದಕ್ಕೆ ಕಾರಣವಾದದ್ದನ್ನು ತೆಗೆಯದೆ ಅದು ಹೋಗದು.

ಇದಕ್ಕೆ ಆಧಾರ ದೂರ ಹುಡುಕಬೇಕಿಲ್ಲ. ವಿಶ್ವಬ್ಯಾಂಕ್ ನೆರವಿನ ಯೋಜನೆಯೊಂದರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಕೊಡುವ ಪ್ರಯೋಗ ಶುರುವಾಯಿತು. ಕೊಳವೆಗಳನ್ನು ಬದಲಿಸಿದರು, ಮನೆಮನೆಗೆ ಮೀಟರ್ ಕೂಡಿಸಿದರು. ಸದಾ ನೀರು ಬಿಟ್ಟರೆ ಜನ ಬೇಕಾಬಿಟ್ಟಿ ಬಳಸುತ್ತಾರೆ, ಕೆರೆ ಬರಿದಾಗುತ್ತದೆ ಎಂದು ಹೆದರಿದವರು ಆಗ ಬಹಳ. ಆ ಹೆದರಿಕೆಯಿಂದ ಪ್ರಯೋಗ ನಿಲ್ಲಲಿಲ್ಲ. ಅದೇ ಹುಬ್ಬಳ್ಳಿ-ಧಾರವಾಡದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ನಿರಂತರ ನೀರಿನ ವಾರ್ಡುಗಳನ್ನೂ ಸರದಿ ನೀರಿನ ವಾರ್ಡುಗಳನ್ನೂ ಹೋಲಿಸಿ ನೋಡಿದರು. ಸರದಿಯ ನಳಗಳ ನೀರಿನಲ್ಲಿ ಮಲಿನತೆಯನ್ನು ತೋರಿಸುವ ಸೂಕ್ಷ್ಮಜೀವಿಗಳು ಎದ್ದು ಕಾಣುವಷ್ಟು ಹೆಚ್ಚು ಸಿಕ್ಕವು. ಕೊಳವೆ ಬತ್ತಿ ಒತ್ತಡ ಇಳಿದಾಗ ಅಕ್ಕಪಕ್ಕದ ಗಟಾರದ ಕೊಳೆ ಬಿರುಕುಗಳಿಂದ ಒಳಗೆ ಸೇರಿಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಆ ಕೊಳೆಯೆಲ್ಲ ಮೊದಲ ಧಾರೆಯಲ್ಲಿ ಬರುತ್ತದೆ. ಮೊದಲು ಬರುವ ನೀರನ್ನು ನಮ್ಮ ಹೆಣ್ಣುಮಕ್ಕಳು ಹಾಗೇ ಹರಿಯಬಿಡುವುದರಲ್ಲಿ ಒಂದು ವಿವೇಕವಿದೆ ಎಂದಾಯಿತು. ಕುಡಿಯಲು ಅದು ಬೇಡವೇ ಬೇಡ. ಆದರೆ ಆ ಧಾರೆಗೆ ಗಟಾರದ ಬದಲು ಒಂದು ಬಕೆಟ್ ಒಡ್ಡಿದರೆ ಅಂದಿನ ಪಾಯಿಖಾನೆಯ ಕೆಲಸ ಮುಗಿಯುತ್ತದೆ.

ಹಳೇ ನೀರಿನ ಮಾತಿಗೆ ಬರೋಣ. ಮೂರು ನಾಲ್ಕು ದಿನ ಮುಚ್ಚಿಟ್ಟ ನೀರು ದಿನ ಕಳೆದದ್ದರಿಂದಲೇ ಕೆಡುವುದಿಲ್ಲ. ಕೈ ಅದ್ದುವುದರಿಂದ, ಅಂಗಳದಲ್ಲಿ ಬಿದ್ದಿದ್ದ ತಂಬಿಗೆಯನ್ನು ಹಾಗೇ ಮುಳುಗಿಸುವುದರಿಂದ, ಮುಚ್ಚಳವಿಲ್ಲದೆ ಧೂಳು ಬೀಳುವುದರಿಂದ ಕೆಡುತ್ತದೆ. ನಳದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ, ದಿನ ಹೋದಂತೆ ಅದು ಆರಿಹೋಗುವುದು ನಿಜ. ಕುಡಿಯುವ ಕೊಡದ ಮಟ್ಟಿಗೆ ಕಾಯಿಸಿ ಆರಿಸಿದರೆ ಆಯಿತು. ಬಟ್ಟೆಗೆ, ನೆಲಕ್ಕೆ, ಪಾಯಿಖಾನೆಗೆ ನಾಲ್ಕು ದಿನದ ನೀರು ಯಾವ ವಿಧದಲ್ಲೂ ಕಡಿಮೆಯದ್ದಲ್ಲ. ಉದ್ದ ಹಿಡಿಕೆಯ ಒಂದು ಸೌಟು, ಬಿಗಿಯಾದ ಒಂದು ಮುಚ್ಚಳ ಇದ್ದರೆ ಹಳೇ ನೀರೆಂಬ ಅಸಹ್ಯ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಇಲ್ಲಿ ಆಶಾ ಕಾರ್ಯಕರ್ತೆಯರು ಒಂದು ಆಕ್ಷೇಪ ಎತ್ತಬಹುದು, ಅದು ಗಟ್ಟಿ ಆಕ್ಷೇಪ. ಮಳೆಗಾಲದಲ್ಲಿ ಅವರು ಮನೆಮನೆಗೆ ಬಂದು ಬ್ಯಾರಲ್‌ನಲ್ಲಿ ಟಾರ್ಚ್ ಬಿಟ್ಟು ಹುಳ ಹುಡುಕುತ್ತಾರೆ. ವಾರಕ್ಕೊಮ್ಮೆ ಎಲ್ಲ ಪಾತ್ರೆ ಬರಿದು ಮಾಡಿ, ತಿಕ್ಕಿ ಒಣಗಿಸಿ ಎನ್ನುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಗಟಾರದ ಕೊಳಕಿನಲ್ಲಿ ಹುಟ್ಟುವುದಲ್ಲ, ನಾವು ಜೋಪಾನವಾಗಿ ಹಿಡಿದಿಟ್ಟ ತಿಳಿನೀರಿನಲ್ಲೇ ಹುಟ್ಟುವಂಥದ್ದು. ಮೊಟ್ಟೆಯಿಂದ ಸೊಳ್ಳೆಯಾಗಲು ಬಿಸಿಲ ದಿನಗಳಲ್ಲಿ ಏಳರಿಂದ ಹತ್ತು ದಿನ ಸಾಕು. ಹಾಗಾದರೆ ನೀರು ಉಳಿಸು ಎಂಬ ಮಾತೂ ನೀರು ಚೆಲ್ಲು ಎಂಬ ಮಾತೂ ಒಂದೇ ಬಾಗಿಲಿಗೆ ಬಂದು ನಿಂತಂತಾಯಿತಲ್ಲ? ನಿಂತಿವೆ, ಆದರೆ ಇವೆರಡರ ಜಗಳ ಬಿಡಿಸುವುದು ಕಷ್ಟವಿಲ್ಲ. ಪಾತ್ರೆ ಬರಿದಾಗಬೇಕು ಎಂದರೆ ಗಟಾರಕ್ಕೇ ಬರಿದಾಗಬೇಕು ಎಂದಿಲ್ಲ. ಮೂರು ಬ್ಯಾರಲ್ ಇದ್ದರೆ ಮೂರರಿಂದಲೂ ಒಟ್ಟಿಗೆ ಮೊಗೆಯುವುದು ನಮ್ಮ ರೂಢಿ. ಮೂರರ ತಳದಲ್ಲೂ ಅಷ್ಟಷ್ಟು ಉಳಿಯುತ್ತದೆ, ಯಾವುದೂ ಒಣಗುವುದಿಲ್ಲ. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈಹಾಕಿದರೆ ಸರದಿ ಬರುವ ಹೊತ್ತಿಗೆ ಎರಡಾದರೂ ಬರಿದಾಗಿರುತ್ತವೆ, ತಿಕ್ಕಲೂ ಬರುತ್ತದೆ. ತಿಕ್ಕುವುದು ಮುಖ್ಯ: ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿನಲ್ಲಿ ಪಾತ್ರೆಯ ಗೋಡೆಗೆ, ಅವು ತಿಂಗಳುಗಟ್ಟಲೆ ಒಣಗಿದ್ದರೂ ಸಾಯದೆ ಹೊಸ ನೀರು ಬಿದ್ದೊಡನೆ ಒಡೆಯುತ್ತವೆ. ಬರೀ ಚೆಲ್ಲಿದರೆ ನೀರೂ ಹೋಯಿತು, ಸೊಳ್ಳೆಯೂ ಉಳಿಯಿತು.

ಒಂದು ನೀರಿಗೆ ಎರಡು ಮೂರು ಕೆಲಸ ಕೊಡುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಹುನಗುಂದದ ಎರೆಹೊಲಗಳನ್ನು ನೋಡಿದವರಿಗೆ ಗೊತ್ತು. ಇಳಿಜಾರಿಗೆ ಅಡ್ಡಲಾಗಿ ಒಡ್ಡು, ಒಡ್ಡಿನಲ್ಲಿ ಕಲ್ಲು ಕಟ್ಟಿದ ಕೋಡಿ. ಮಳೆಯ ನೀರು ಮೇಲಿನ ಹೊಲದಲ್ಲಿ ನಿಂತು, ಇಂಗಿ, ಹೆಚ್ಚಾದದ್ದು ಮಾತ್ರ ಮಣ್ಣನ್ನು ಒಯ್ಯದೆ ಕೋಡಿಯಿಂದ ನಿಧಾನವಾಗಿ ಕೆಳಗಿನ ಹೊಲಕ್ಕೆ ಇಳಿಯುತ್ತದೆ; ಅಲ್ಲಿಯೂ ಹಾಗೇ, ಅದರ ಕೆಳಗಿನದರಲ್ಲೂ ಹಾಗೇ. ಹಿಂಗಾರಿನ ಬಿಳಿಜೋಳ ಕಡೆಯ ಮಳೆ ಹೋದ ಮೇಲೂ ಆ ಹಸಿಯ ಮೇಲೆಯೇ ತೆನೆ ಹಿಡಿಯುತ್ತದೆ. ಮೇಲಿನ ಹೊಲದವನು ನೀರನ್ನು ತಡೆದಿಟ್ಟುಕೊಂಡರೂ ಜಗಳ, ಒಮ್ಮೆಲೇ ಬಿಟ್ಟರೂ ಜಗಳ. ಕೋಡಿಯ ಎತ್ತರ ಎಷ್ಟಿರಬೇಕೆಂಬುದರಲ್ಲೇ ಆ ಬೇಸಾಯದ ಜಾಣತನವೆಲ್ಲ ಇದೆ. ಆಚೆ ಬಾದಾಮಿಯಲ್ಲಿ ಕೆಂಪು ಮರಳುಗಲ್ಲಿನ ಬೆಟ್ಟ. ಬಂಡೆ ನೀರನ್ನು ಕುಡಿಯುವುದಿಲ್ಲ, ಜೋರು ಮಳೆ ಬಂದಾಗ ಅಕ್ಕ-ತಂಗಿ ಜಲಪಾತವಾಗಿ ಧುಮುಕುತ್ತದೆ, ಮಳೆ ನಿಂತರೆ ಅದೂ ನಿಲ್ಲುತ್ತದೆ. ಒಂದನೇ ಪುಲಕೇಶಿ 543ರಲ್ಲಿ ಕೋಟೆ ಕಟ್ಟಿದ ಈ ಬೆಟ್ಟಗಳ ನಡುವೆ ಆ ಹರಿನೀರನ್ನು ಹಿಡಿಯುವ ಅಗಸ್ತ್ಯತೀರ್ಥ ಇರದಿದ್ದರೆ ಕೋಟೆಯೊಳಗೆ ಒಂದು ರಾಜಧಾನಿ ಬದುಕುವುದು ಕಷ್ಟವಿತ್ತು.

ಹೊಲದಲ್ಲಿ ಮಾಡುವುದನ್ನು ಮನೆಯೊಳಗೆ ಮಾಡಲು ಬೇಕಾದದ್ದು ಎರಡು ಬಕೆಟ್ ಹೆಚ್ಚು, ಒಂದಿಷ್ಟು ಕ್ರಮ. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ನೇರ ಗಿಡಕ್ಕೆ ಹೋಗಬಹುದು. ಬಟ್ಟೆಯ ವಿಷಯದಲ್ಲಿ ಮಾತ್ರ ಸ್ವಲ್ಪ ತಡೆಯಬೇಕು. ಸೋಪಿನ ಪುಡಿಯಲ್ಲಿ ಸೋಡಿಯಂ ಲವಣ ಇರುತ್ತದೆ. ಎರೆಮಣ್ಣಿಗೆ ಅದು ವರ್ಷಗಟ್ಟಲೆ ಬಿದ್ದರೆ ಮಣ್ಣು ಬಿಗಿದು ನೀರು ಇಂಗುವುದೇ ನಿಲ್ಲುತ್ತದೆ. ಆದ್ದರಿಂದ ಮೊದಲ ನೊರೆನೀರು ಪಾಯಿಖಾನೆಗೆ ಅಥವಾ ಬಚ್ಚಲು ತಿಕ್ಕಲು, ಜಾಲಿಸಿದ ಎರಡನೇ ಮೂರನೇ ನೀರು ಹಿತ್ತಲಿಗೆ. ಬಕೆಟ್‌ನಲ್ಲಿ ಸ್ನಾನ ಮಾಡುವವರು ಹದಿನೈದು ಇಪ್ಪತ್ತು ಲೀಟರಿನಲ್ಲಿ ಮುಗಿಸುತ್ತಾರೆ, ಷವರ್ ಕೆಳಗೆ ನಿಂತವರು ಎರಡು ನಿಮಿಷದಲ್ಲಿ ಅಷ್ಟನ್ನು ಹರಿಸಿಬಿಡಬಲ್ಲರು. ಹಳೆಯ ಮಾದರಿಯ ಫ್ಲಶ್ ತೊಟ್ಟಿ ಒಂದು ಸಲಕ್ಕೆ ಹತ್ತು ಲೀಟರ್ ಸುರಿಯುತ್ತದೆ. ಕೈಯಿಂದ ನೀರು ಹಾಕುವ ಪಾಯಿಖಾನೆಗೆ ಎರಡು ಮೂರು ಲೀಟರ್ ಸಾಕು. ಹೊಸ ಮನೆ ಕಟ್ಟಿದವರು ಷವರ್, ಫ್ಲಶ್ ಕೂಡಿಸಿ, ಇಷ್ಟು ದಿನ ಕೊಡ ಹೊತ್ತದ್ದು ಸಾಕು ಎನ್ನುವುದು ನನಗೆ ಅರ್ಥವಾಗುತ್ತದೆ. ಹೊತ್ತವರಿಗೆ ಸುಖ ಬೇಡವೆನ್ನಲು ನಾವು ಯಾರು? ತೊಟ್ಟಿಯೊಳಗಿನ ತೇಲುಗುಂಡನ್ನು ಕೆಳಗಿಳಿಸಿ ಆರು ಲೀಟರಿಗೆ ನಿಲ್ಲಿಸಿದರೆ ಸುಖಕ್ಕೇನೂ ಕೊರತೆಯಾಗದು. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ಟ್ಯಾಪು ದಿನಕ್ಕೆ ಇಪ್ಪತ್ತು ಲೀಟರ್ ಕಳೆಯುತ್ತದೆ. ಅದರ ವಾಷರ್ ಹತ್ತಿಪ್ಪತ್ತು ರೂಪಾಯಿಯದ್ದು, ಅದಕ್ಕೆ ಭಾಷಣ ಬೇಕಿಲ್ಲ. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಗೆ ಹೋಗುತ್ತದೆಂದು ಎಂಜಿನಿಯರರು ಲೆಕ್ಕ ಹಿಡಿಯುತ್ತಾರೆ. ಹಳ್ಳಿಮನೆಗಳಿಗೆ ಉದ್ಯೋಗ ಖಾತ್ರಿಯಲ್ಲಿ ಬಚ್ಚಲು ಗುಂಡಿ ತೋಡಿಸಿಕೊಡುವ ಕಾರ್ಯಕ್ರಮ ಬಂದದ್ದು ಇದೇ ಕಾರಣಕ್ಕೆ. ಗುಂಡಿ ಇದ್ದ ಓಣಿಯನ್ನೂ ಇಲ್ಲದ ಓಣಿಯನ್ನೂ ಕಾಲಿಟ್ಟೊಡನೆ ಗುರುತಿಸಬಹುದು.

ಇಳಕಲ್ಲಿನಲ್ಲಿ ಎರಡು ಕಸುಬುಗಳು ಪಕ್ಕಪಕ್ಕದಲ್ಲೇ ಈ ಮರುಬಳಕೆಯ ಮಾತಿಗೆ ಎರಡು ಬೇರೆ ಸಾಕ್ಷಿ ಹೇಳುತ್ತವೆ. ಕೆಂಪು ಗ್ರಾನೈಟ್ ಕೊಯ್ಯುವಾಗ ಗರಗಸದ ಅಲಗಿನ ಮೇಲೆ ಸದಾ ನೀರು ಬೀಳುತ್ತಿರಬೇಕು, ಇಲ್ಲದಿದ್ದರೆ ಅಲಗು ಕಾಯ್ದು ಕೆಡುತ್ತದೆ. ಆ ಕೆಸರುನೀರನ್ನು ತೊಟ್ಟಿಯಲ್ಲಿ ತಂಗಿಸಿ ಮೇಲಿನ ತಿಳಿಯನ್ನು ಮತ್ತೆ ಯಂತ್ರಕ್ಕೇ ತಿರುಗಿಸುವುದು ಈ ಉದ್ಯಮದ ವಾಡಿಕೆ. ಅಲ್ಲಿ ಯಾರೂ ಜಲಪ್ರತಿಜ್ಞೆ ಮಾಡಿಲ್ಲ. ನೀರಿಗೆ ದುಡ್ಡು ಕೊಡುತ್ತಾರೆ, ಅಷ್ಟೇ. ಸೀರೆಯ ನೂಲಿಗೆ ಬಣ್ಣ ಹಾಕುವ ಮನೆಗಳದ್ದು ಬೇರೆ ಕಥೆ. ಬಣ್ಣದ ಹಂಡೆಯ ನೀರು ರಾಸಾಯನಿಕದಿಂದ ಕೂಡಿದ್ದು, ಗಿಡಕ್ಕೂ ಆಗದು, ನೆಲಕ್ಕೂ ಇಂಗಿಸಬಾರದು. ಅದನ್ನು ಮನೆಯವರೇ ಮರುಬಳಸಲಿ ಎನ್ನುವುದು ಹೊಣೆಗೇಡಿತನ. ಅದಕ್ಕೆ ಊರಿನ ಮಟ್ಟದ ಶುದ್ಧೀಕರಣವೇ ಬೇಕು. ಇನ್ನು ಕುಣಿಮಗ್ಗದಲ್ಲಿ ಕೂತ ನೇಕಾರನಿಗೆ ನೀರಿನ ಸರದಿ ಎಂದರೆ ಕಾಲು ಮೇಲೆತ್ತಿ ಲಾಳಿ ಬಿಟ್ಟು ಏಳುವುದು. ಹೊತ್ತು ಗೊತ್ತಿಲ್ಲದ ನೀರು ಕಾದು ಕೂತಷ್ಟು ಹೊತ್ತಿನ ಕೂಲಿಯನ್ನೂ ತಿನ್ನುತ್ತದೆ. ಅದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಕುಡಿಯುವ ನೀರಿನ ಕಡೆ ಇನ್ನೊಂದು ಬಗೆಯ ಪೋಲಿದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಹುನಗುಂದ, ಇಳಕಲ್, ಬಾದಾಮಿ ಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ದಾರಿಯೇ ಇಲ್ಲದಾಗ 1.5ರವರೆಗೆ ನಡೆದೀತು ಎಂದು ನಮ್ಮ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತದೆ, ಮುಂದೆ ಎಲುಬು ಸೆಟೆಯುತ್ತದೆ. ಹಾಗಾಗಿಯೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು, ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುತ್ತದೆ. ಆದರೆ ಈ ಯಂತ್ರ ಒಳಗೆ ಹೋದ ನೀರನ್ನೆಲ್ಲ ಕುಡಿಯಲು ಕೊಡುವುದಿಲ್ಲ; ಒಂದು ಕ್ಯಾನ್ ತುಂಬುವಾಗ ಸುಮಾರು ಇನ್ನೊಂದು ಕ್ಯಾನಿನಷ್ಟು ಹಿಂದಿನ ಕೊಳವೆಯಿಂದ ಹೊರಗೆ ಹೋಗುತ್ತದೆ, ಮನೆಯ ಹಳೆಯ ಯಂತ್ರಗಳಲ್ಲಿ ಇದರ ಎರಡು ಮೂರು ಪಟ್ಟು. ಈ ಬಿಟ್ಟ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ದಟ್ಟವಾಗಿರುತ್ತದೆ. ದನದ ಗೋದಲಿಯ ತೊಟ್ಟಿಗೆ ಅದನ್ನು ಬಿಡಬಾರದು, ಕಾಯಿಪಲ್ಲೆ ಮಡಿಗೂ ಬೇಡ. ಘಟಕದ ಪಕ್ಕದಲ್ಲೇ ಒಂದು ತೊಟ್ಟಿ ಕಟ್ಟಿ ಗಾಡಿ ತೊಳೆಯಲು, ಶಾಲೆಯ ಶೌಚಾಲಯಕ್ಕೆ ಕೊಟ್ಟರೆ ಚೆನ್ನ.

ಈ ಮಾತಾಡುವಾಗ ಮಾಳಿಗೆಯನ್ನು ಮರೆಯುವಂತಿಲ್ಲ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲ. ಐದು ಮಂದಿಯ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ ಇಪ್ಪತ್ತೈದು ಲೀಟರ್ ಹಿಡಿದರೆ ವರ್ಷಕ್ಕೆ ಒಂಬತ್ತು ಸಾವಿರ ಲೀಟರ್ ಚಿಲ್ಲರೆ. 560 ಮಿಲಿಮೀಟರ್ ಮಳೆಯಲ್ಲಿ ಐದನೇ ಒಂದು ಪಾಲು ಹಾಳಾಯಿತೆಂದರೂ ಇಪ್ಪತ್ತು ಚದರ ಮೀಟರಿನ, ಅಂದರೆ ಒಂದು ದೊಡ್ಡ ಕೋಣೆಯಷ್ಟು ಕಾಂಕ್ರೀಟ್ ಮಾಳಿಗೆ ಅದನ್ನು ಬಹುತೇಕ ಹಿಡಿದು ಕೊಡಬಲ್ಲದು. ಬರದ ವರ್ಷ ಇದರ ಅರ್ಧವೇ ಸಿಕ್ಕೀತು, ಮಣ್ಣಿನ ಮಾಳಿಗೆಯವರಿಗೆ ಇದು ಹೊಂದುವುದಿಲ್ಲ, ತೊಟ್ಟಿ ಕಟ್ಟಲು ಖರ್ಚು ಇದ್ದೇ ಇದೆ. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ, ತಲೆಯ ಮೇಲಿನ ಸಿಹಿನೀರನ್ನು ಗಟಾರಕ್ಕೆ ಬಿಟ್ಟು ನೆಲದೊಳಗಿನ ಫ್ಲೋರೈಡ್ ನೀರನ್ನು ಎತ್ತಿ, ಅದರ ಅರ್ಧವನ್ನು ಚೆಲ್ಲಿ, ಉಳಿದರ್ಧ ಕುಡಿಯುವುದು ಯಾವ ಲೆಕ್ಕದಲ್ಲೂ ಕೂಡಿ ಬರದ ವ್ಯವಹಾರ.

ಈಗ ಎಲ್ಲಕ್ಕಿಂತ ದೊಡ್ಡ ಆಕ್ಷೇಪಕ್ಕೆ ಬರಬೇಕು. ಒಂದು ಎಕರೆ ಹೊಲದಲ್ಲಿ ಒಂದು ಅಂಗುಲ ನೀರು ನಿಲ್ಲಿಸಲು ಒಂದು ಲಕ್ಷ ಲೀಟರ್‌ಗಿಂತ ಹೆಚ್ಚು ಬೇಕು. ಒಂದು ಮನೆ ದಿನಕ್ಕೆ ನೂರು ಲೀಟರ್ ಉಳಿಸಿದರೆ ಆ ಒಂದು ಅಂಗುಲಕ್ಕೆ ಸಮವಾಗಲು ಸಾವಿರ ದಿನ ಹಿಡಿಯುತ್ತದೆ. ಮುಧೋಳ, ಜಮಖಂಡಿಯ ಕಬ್ಬಿನ ಗದ್ದೆಗಳಿಗೆ ಸಾಲುಸಾಲಾಗಿ ಹರಿಯುವ ನೀರನ್ನು ಕಂಡೂ ಕಾಣದಂತೆ ಪಾತ್ರೆ ತೊಳೆಯುವ ಹೆಣ್ಣುಮಗಳಿಗೆ ಬುದ್ಧಿ ಹೇಳುವುದು ಯಾವ ನ್ಯಾಯ? ಈ ಮಾತು ಅಕ್ಷರಶಃ ಸರಿ. ಮನೆಯಲ್ಲಿ ನೀರು ಉಳಿಸಿ ಕೃಷ್ಣೆಯನ್ನು ಉಳಿಸುತ್ತೇವೆ ಎನ್ನುವುದು ಸುಳ್ಳು ಆಶ್ವಾಸನೆ. ನದಿಯ ಲೆಕ್ಕ ತೀರ್ಮಾನವಾಗುವುದು ಹೊಲದಲ್ಲಿ. ಹುನಗುಂದ ಕಡೆಯ 24,000 ಹೆಕ್ಟೇರಿಗೆಂದು ರೂಪಿಸಿದ ರಾಮಥಾಳದ ಹನಿ ನೀರಾವರಿಯಂಥ ಯೋಜನೆಗಳು ಕೊನೆಯ ರೈತನ ಹೊಲದವರೆಗೆ ಸರಿಯಾಗಿ ನಡೆಯುತ್ತವೆಯೋ ಇಲ್ಲವೋ ಎಂಬುದರ ಮೇಲೆ ಅದು ನಿಂತಿದೆ. ಮನೆಯ ಉಳಿತಾಯದ ಫಲ ಮನೆಗೇ, ಓಣಿಗೇ ದಕ್ಕುವಂಥದ್ದು. ಶುದ್ಧ ಮಾಡಿ, ಕರೆಂಟು ಸುಟ್ಟು ಮೇಲೇರಿಸಿದ ನೀರು ಕೊನೆಯ ಮನೆಯ ನಳಕ್ಕೂ ಒಂದಿಷ್ಟು ಒತ್ತಡದಲ್ಲಿ ಮುಟ್ಟುತ್ತದೆ. ಗಟಾರ ಉಕ್ಕುವುದು ಕಡಿಮೆಯಾಗುತ್ತದೆ. ನೂರು ಲೀಟರ್ ಎಂದರೆ ನೂರು ಕಿಲೋ ಭಾರ; ಅದನ್ನು ನಳದಿಂದ ಒಳಗೆ ಹೊರುವವರು ಬಹುಮಟ್ಟಿಗೆ ಹೆಂಗಸರು. ಮರುಬಳಕೆಯ ಬಕೆಟ್ ಎತ್ತುವ ಕೆಲಸವೂ ಅವರ ತಲೆಗೇ ಬಂದರೆ ಅದು ಉಳಿತಾಯವಲ್ಲ, ಇನ್ನೊಂದು ಬಿಟ್ಟಿ ದುಡಿತ. ಬಚ್ಚಲಿನಿಂದ ಹಿತ್ತಲಿಗೆ ಒಂದು ಕೊಳವೆ ಹಾಕಿಸುವುದಕ್ಕೂ ಬ್ಯಾರಲ್ ತಿಕ್ಕುವುದಕ್ಕೂ ಗಂಡಸರ ಕೈ ಬಾರದು ಎಂದು ಎಲ್ಲಿಯೂ ಬರೆದಿಲ್ಲ.

ಊರಿನ ಕಡೆಯಿಂದ ಆಗಬೇಕಾದ್ದನ್ನು ಮನೆಯವರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದೂ ನಡೆಯಬಾರದು. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್, ಜಲಜೀವನ ಮಿಷನ್ನಿನ ಹಳ್ಳಿಗಳಿಗೆ 55 ಲೀಟರ್ ಎಂದು ಕಾಗದದ ಮೇಲೆ ಗುರಿ ಇದೆ. ಆದರೆ ಒಡೆದ ಕೊಳವೆಯಿಂದ ರಸ್ತೆಗೆ ಹೋದದ್ದೂ ಈ ಲೆಕ್ಕದಲ್ಲೇ ಸೇರಿಹೋದರೆ ಮನೆಗೆ ಮುಟ್ಟಿದ್ದೆಷ್ಟು ಎಂದು ಯಾರಿಗೂ ತಿಳಿಯುವುದಿಲ್ಲ. ಮೀಟರ್ ಬೇಕೆನ್ನುವುದು ಇದಕ್ಕೇ. ಮೀಟರ್ ಬಂದರೆ ಬಡವರಿಗೆ ಬಿಲ್ಲಿನ ಬರೆ ಬೀಳುತ್ತದೆ ಎಂಬ ಹೆದರಿಕೆ ಸುಳ್ಳಲ್ಲ. ಜೀವನಾವಶ್ಯಕ ಪ್ರಮಾಣವನ್ನು ಅಗ್ಗವಾಗಿಟ್ಟು ಮೇಲಿನದಕ್ಕೆ ದರ ಏರಿಸುವ ದಾರಿ ಇದೆ, ಅದರ ಚರ್ಚೆ ವಾರ್ಡ್ ಸಭೆಯಲ್ಲಿ ಆಗಲಿ. ಕೊಳವೆ ಬದಲಿಸಲು, ಮೀಟರ್ ಕೂಡಿಸಲು ಕೋಟಿಗಳು ಬೇಕು, ವರ್ಷಗಳು ಬೇಕು. ಅಲ್ಲಿಯವರೆಗೆ ಅಂಜಿಕೆಯನ್ನಾದರೂ ಕಡಿಮೆ ಮಾಡಬಹುದಲ್ಲ? ನೀರು ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ತಾಸು ಎಂದು ನಂಬುವಂತೆ ತಿಳಿದರೆ ಮನೆಯವರು ಬೇಕಾದಷ್ಟನ್ನೇ ತುಂಬುತ್ತಾರೆ, ಹಿಂದಿನ ದಿನವೇ ಬ್ಯಾರಲ್ ಮುಗಿಸಿ ತಿಕ್ಕಿಡುತ್ತಾರೆ, ನೇಕಾರ ಮಗ್ಗ ಬಿಟ್ಟು ಕಾಯಬೇಕಿಲ್ಲ. ಬೆಳಿಗ್ಗೆ ಓಣಿ ಓಣಿಗೆ ಹಾಡು ಹಾಕಿಕೊಂಡು ಬರುವ ಕಸದ ಗಾಡಿಗೆ ಧ್ವನಿವರ್ಧಕ ಇದ್ದೇ ಇದೆ. ನಾಳೆ ಈ ಓಣಿಗೆ ಇಷ್ಟು ಹೊತ್ತಿಗೆ ನೀರು, ಕರೆಂಟು ಕೈಕೊಟ್ಟರೆ ನಾಡಿದ್ದು ಎಂದು ಅದರಲ್ಲಿ ಹೇಳಿಸಲು ನಗರಸಭೆ, ಪುರಸಭೆಗಳಿಗೆ ಹೊಸ ಯೋಜನೆಯೂ ಬೇಡ, ಟೆಂಡರೂ ಬೇಡ. ನಾಳೆ ಬೆಳಿಗ್ಗೆಯಿಂದಲೇ ಶುರು ಮಾಡಬಹುದು.